ಏಡಿ ಬಂದರೂ ನಕ್ಕವಳು

ಜಗತ್ತಿನ ಅತಿ ಕೆಟ್ಟ ಸಿನಿಮಾ ಯಾವುದು ಎನ್ನುವ ವಿಷಯದಲ್ಲಿ ಫುಲ್ವಿಯಾಗೆ ಮೂರು ವರ್ಷಗಳಿಂದ ಎದುರಾಳಿಯೇ ಇರಲಿಲ್ಲ. ಅವಳು ಎದ್ದು ನಿಂತು, ಮೂಗಿನ ಮೇಲಿನ ಕನ್ನಡಕ ತಲೆಗೇರಿಸಿ, "ಇದಕ್ಕಿಂತ ಕೆಟ್ಟದ್ದು ಇದ್ದರೆ ತೋರಿಸಿ" ಎಂದರೆ ರೋಮ್‌ನ ಆ ಬಡಾವಣೆಯ ಕ್ಲಬ್ಬಿನಲ್ಲಿ ಎಲ್ಲರೂ ತೆಪ್ಪಗಾಗುತ್ತಿದ್ದರು. ಹಾಗಿರುವಾಗ ಅಕ್ಟೋಬರಿನ ಒಂದು ಭಾನುವಾರ ಹಿಂದಿನ ಸಾಲಿನಿಂದ ಯಾರೋ "ಇದೆ" ಎಂದರೆ ಅವಳಿಗೆ ಹೇಗಾಗಿರಬೇಡ!

ತಿರುಗಿ ನೋಡಿದಳು. ಟ್ರಾಮ್ ಡ್ರೈವರುಗಳ ನೀಲಿ ಕೋಟು, ಕೈಯಲ್ಲಿ ಕಿತ್ತಳೆ ಹಣ್ಣಿನ ಪೊಟ್ಟಣ. ಮೂವತ್ತೇಳರ ಆಸುಪಾಸಿನ ಮನುಷ್ಯ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಅವನ ಎರಡೂ ಕಿವಿ ಕೆಂಪಾದವು. ಹೆಸರು ಕೇಳಿದ್ದಕ್ಕೆ ಸವೇರಿಯೊ ಎಂದ. ಸಿನಿಮಾದ ಹೆಸರು ಕೇಳಿದ್ದಕ್ಕೆ 'ಚಂದ್ರಲೋಕದ ಏಡಿಗಳು' ಎಂದ.

ಕ್ಲಬ್ಬು ಎಂದರೆ ದೊಡ್ಡದೇನಲ್ಲ. ಮುದುಕರು ಮರದ ಚೆಂಡು ಉರುಳಿಸಿ ಆಡುವ ಅಂಗಳದ ಹಿಂದೆ ಒಂದು ಹಾಲ್, ನಲವತ್ತು ಕುರ್ಚಿ, ಒಂದು ಬಿಳಿ ಪರದೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಬಂದು ವಾದ ಮಾಡುವುದು. ಕ್ರಿಸ್‌ಮಸ್ಸಿನ ಮುಂಚಿನ ಭಾನುವಾರ ಓಟು. ಗೆದ್ದ ಸಿನಿಮಾವನ್ನು ಜನವರಿ ಆರರ ಹಬ್ಬದ ದಿನ ಎಲ್ಲರೂ ಕೂತು ನೋಡುವುದು. ರೀಲುಗಳೆಲ್ಲ ಎಲಿಯೊ ಅಜ್ಜನ ಒಡೆತನದವು. ಒಂದು ಕಾಲದಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದವನು. ಥಿಯೇಟರ್ ಮುಚ್ಚಿದಾಗ ಯಾರಿಗೂ ಬೇಡವಾದ ರೀಲುಗಳನ್ನೆಲ್ಲ ಹೊತ್ತು ತಂದಿದ್ದ. ಹಳೆಯ ರೀಲು ಹಪ್ಪಳದ ಹಾಗೆ ಮುರಿಯುತ್ತದೆ, ಗೆಲ್ಲದ ಸಿನಿಮಾವನ್ನು ದೇವರೇ ಬಂದು ಕೇಳಿದರೂ ಡಬ್ಬಿಯಿಂದ ತೆಗೆಯುವುದಿಲ್ಲ, ಗೆದ್ದದ್ದನ್ನೂ ಒಂದೇ ಸಲ ಓಡಿಸುವುದು ಎನ್ನುವುದು ಅಜ್ಜನ ಶಪಥ.

ಆ ವರ್ಷ ಫುಲ್ವಿಯಾಳ ಆಯ್ಕೆ ಒಂದು ಚಕ್ರವರ್ತಿಯ ಸಿನಿಮಾ. ಅದರಲ್ಲಿ ಚಕ್ರವರ್ತಿ ಕೈಗಡಿಯಾರ ಕಟ್ಟಿಕೊಂಡೇ ಸಾಯುತ್ತಾನೆ, ಸಾಯುವ ಮುಂಚೆ ಒಮ್ಮೆ ಟೈಮೂ ನೋಡಿಕೊಳ್ಳುತ್ತಾನೆ. ಸವೇರಿಯೊ ಬಿಡಲಿಲ್ಲ. ತನ್ನ ಸಿನಿಮಾದಲ್ಲಿ ಏಡಿ ಎಂದರೆ ಕೆಂಪು ಬಣ್ಣ ಬಳಿದ ಸ್ನಾನದ ತೊಟ್ಟಿ, ಅದು ಬೋರಲು ಬಿದ್ದು ತೆವಳುವಾಗ ಕೆಳಗೆ ಮನುಷ್ಯನ ಬೂಟು ಕಾಣುತ್ತದೆ ಎಂದು ವಾದಿಸಿದ.

"ಬೂಟು ಯಾವ ಬಣ್ಣದ್ದು?" ಫುಲ್ವಿಯಾ ಥಟ್ಟನೆ ಕೇಳಿದಳು.

ಅವನು ತಡವರಿಸಿದ. ಕಿವಿ ಮತ್ತೆ ಕೆಂಪಾಯಿತು.

"ಅಲ್ರೀ, ನೀವು ಈ ಸಿನಿಮಾ ನೋಡಿದೀರಾ, ಇಲ್ವಾ?"

"ಕೆಟ್ಟ ಸಿನಿಮಾ ಅಂದ್ರೆ ಯಾವುದು, ನೀವೇ ಹೇಳಿ" ಎಂದು ಅವನು ಮಾತು ತೇಲಿಸಿದ.

"ಎರಡನೇ ಸಲ ನೋಡ್ಬೇಕು ಅಂತ ಯಾರಿಗೂ ಅನ್ನಿಸ್ಬಾರದು. ಅಷ್ಟೇ."

ಅವನು ಅದನ್ನು ಪಾಠದಂತೆ ಮನಸ್ಸಿನಲ್ಲಿಟ್ಟುಕೊಂಡವನ ಹಾಗೆ ತಲೆಯಾಡಿಸಿದ. ಆಮೇಲೆ ಪೊಟ್ಟಣದಿಂದ ಒಂದು ಕಿತ್ತಳೆ ತೆಗೆದು ಅವಳ ಕುರ್ಚಿಯ ಮೇಲಿಟ್ಟು ಹೋದ. ಎದುರಾಳಿಗೆ ಹಣ್ಣು ಕೊಡುವವನನ್ನು ಫುಲ್ವಿಯಾ ಅದೇ ಮೊದಲು ನೋಡಿದ್ದು.

ಹೀಗೇ ಒಂಬತ್ತು ಭಾನುವಾರ ಕಳೆದವು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತ ಕೂತಾಗ ಫುಲ್ವಿಯಾ ಚಕ್ರವರ್ತಿಯ ಪರವಾದ ವಾದ ಹೊಸೆಯಲು ಹೋಗಿ ಕೆಂಪು ಕಿವಿಗಳನ್ನೇ ನೆನೆಯುತ್ತಿದ್ದಳು. ಅವನ ಟ್ರಾಮ್ ಅಂಗಡಿಯ ಮುಂದೆ ಹಾದು ಹೋಗುವ ಹೊತ್ತು ಅವಳಿಗೆ ಬಾಯಿಪಾಠವಾಯಿತು. ಅವನು ಗಂಟೆ ಒಂದು ಸಲ ಬಾರಿಸಬೇಕಾದ ತಿರುವಿನಲ್ಲಿ ಎರಡು ಸಲ ಬಾರಿಸುತ್ತಿದ್ದ. ಅದು ಯಾರಿಗಾಗಿ ಎಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮೂವತ್ನಾಲ್ಕು ವರ್ಷದ ಹೆಂಗಸು ಗಂಟೆ ಕೇಳಿ ಬಾಗಿಲಿಗೆ ಓಡುವುದೆಂದರೆ ಏನು ಹೇಳುವುದು! ಪ್ರೀತಿ ಬಂದಿತ್ತು, ಅಷ್ಟೇ.

ಓಟಿನ ಭಾನುವಾರ ಬಂತು. ಎರಡೂ ಸಿನಿಮಾ ಸಮಸಮ. ಸವೇರಿಯೊ ಮಾತಾಡಿ ಕೂತವನು ಮತ್ತೆ ಎದ್ದು, ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ ಕೂತ. ಒಂದು ದರಿದ್ರ ಸಿನಿಮಾ ಗೆಲ್ಲಲಿ ಎಂದು ಯಾರಾದರೂ ಇಷ್ಟು ಒದ್ದಾಡುತ್ತಾರೆಯೇ ಎಂದು ಫುಲ್ವಿಯಾಗೆ ಅಚ್ಚರಿಯಾಯಿತು, ಕನಿಕರವೂ ಬಂತು. ಅವಳು ಎದ್ದು, ತಾನು ಏಡಿಗಳ ಕಡೆಗೆ ಎಂದುಬಿಟ್ಟಳು. ಇಡೀ ಹಾಲ್ ಬೆಚ್ಚಿ ಅವಳತ್ತ ತಿರುಗಿತು.

ಆ ಸಿನಿಮಾವನ್ನು ಅವಳು ಚಿಕ್ಕವಳಿದ್ದಾಗ ಟೀವಿಯಲ್ಲಿ ನೋಡಿದ್ದಳು. ಅದರಲ್ಲೊಂದು ದೃಶ್ಯ ಮರೆಯುವಂಥದ್ದೇ ಅಲ್ಲ. ಏಡಿ ಊರಿಗೆ ನುಗ್ಗುತ್ತದೆ, ತಲೆಗೆ ಹಳದಿ ಬಟ್ಟೆ ಕಟ್ಟಿದ ಒಬ್ಬ ಹೆಂಗಸು ಕಿಟಕಿಗೆ ಬರುತ್ತಾಳೆ. ಕಿರುಚುವುದು ಬಿಟ್ಟು ಮುಖ ತುಂಬ ನಗುತ್ತಾಳೆ. ತುಟಿ ಹತ್ತು ಸೆಕೆಂಡ್ ಅಲ್ಲಾಡುತ್ತದೆ, ಕೇಳುವುದು ಮಾತ್ರ "ಅಯ್ಯೋ, ಏಡಿ" ಎಂಬ ಎರಡೇ ಮಾತು. ಫುಲ್ವಿಯಾ ತನ್ನ ಹಳದಿ ಮಫ್ಲರನ್ನು ತಲೆಗೆ ಕಟ್ಟಿಕೊಂಡು, ಇಲ್ಲದ ಕಿಟಕಿಗೆ ಕೈಯೂರಿ, ಹಲ್ಲು ಕಿರಿದು, ಬಾಯಿ ಪಟಪಟ ಆಡಿಸಿ, ಕೊನೆಗೆ "ಅಯ್ಯೋ, ಏಡಿ" ಎಂದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದೇ ಒಂದು ಓಟಿನಿಂದ ಏಡಿಗಳು ಗೆದ್ದವು.

ಗೆಲ್ಲಿಸಿಕೊಟ್ಟ ಹೆಮ್ಮೆಯಲ್ಲಿ ಅವಳು ಸವೇರಿಯೊನ ಕಡೆ ನೋಡಿದಳು. ಅವನ ಮುಖ ಸುಣ್ಣದಂತೆ ಬಿಳಿಚಿತ್ತು. ಕಿತ್ತಳೆ ಪೊಟ್ಟಣವನ್ನು ಅಲ್ಲೇ ಬಿಟ್ಟು ಎದ್ದು ಹೊರಗೆ ಹೋದ.

ಅವಳು ಹಿಂದೆಯೇ ಓಡಿದಳು. ಚೆಂಡಾಟದ ಅಂಗಳದ ಪಕ್ಕದ ಬೆಂಚಿನಲ್ಲಿ ಕೂತಿದ್ದ. ಏನಾಯಿತು ಎಂದು ಎರಡು ಸಲ ಕೇಳಿದ ಮೇಲೆ ತಲೆಯೆತ್ತಿದ.

"ಆ ಹಳದಿ ಬಟ್ಟೆಯವಳು ನನ್ನ ಅಮ್ಮ."

ಫುಲ್ವಿಯಾಳ ತಲೆಯ ಮೇಲೆ ಮಫ್ಲರ್ ಇನ್ನೂ ಹಾಗೇ ಇತ್ತು. ಅದನ್ನು ಕಿತ್ತು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

ಅವನು ನಿಧಾನವಾಗಿ ಹೇಳಿದ. ಅಮ್ಮ ಸತ್ತಾಗ ಅವನಿಗೆ ಐದು ವರ್ಷ. ಮನೆಯಲ್ಲಿದ್ದದ್ದು ಎರಡು ಫೋಟೋ. ಅಪ್ಪ ಅವಳ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ. ಈ ವರ್ಷ ಚಿಕ್ಕಮ್ಮ ಬಾಯಿತಪ್ಪಿ ಒಂದು ಮಾತು ಆಡಿದ್ದಳು, ನಿಮ್ಮಮ್ಮ ಏಡಿ ಸಿನಿಮಾದಲ್ಲಿ ಹಳದಿ ಬಟ್ಟೆ ಕಟ್ಟಿಕೊಂಡು ಕಿಟಕಿಯಲ್ಲಿ ನಿಂತಿದ್ದಳು ಎಂದು. ಹುಡುಕುತ್ತ ಹೋದರೆ ಇಡೀ ದೇಶದಲ್ಲಿ ಅದರ ರೀಲು ಉಳಿದಿದ್ದು ಎಲಿಯೊ ಅಜ್ಜನ ಡಬ್ಬಿಯಲ್ಲಿ ಮಾತ್ರ. ಅದು ಹೊರಗೆ ಬರಬೇಕಾದರೆ ಜಗತ್ತಿನ ಅತಿ ಕೆಟ್ಟ ಸಿನಿಮಾ ಎಂದು ಗೆಲ್ಲಬೇಕು. ಆದ್ದರಿಂದ ನೋಡದ ಸಿನಿಮಾವನ್ನು, ಅವರಿವರಿಂದ ಕೇಳಿದ್ದನ್ನೇ ಹಿಡಿದು, ಅವನು ಒಂಬತ್ತು ವಾರ ಹಳಿದಿದ್ದ.

"ಮುಖ ಫೋಟೋದಲ್ಲಿದೆ. ಧ್ವನಿ ನೆನಪೇ ಇಲ್ಲ ನನಗೆ. ಒಂದ್ಸಲ ಕೇಳ್ಬೇಕು, ಅಷ್ಟೇ" ಎಂದ.

ಆಗ ಫುಲ್ವಿಯಾಗೆ ನಿಜವಾಗಿ ಕಾಲಡಿಯ ನೆಲ ಕುಸಿದಂತಾಯಿತು. ಅವಳ ಅಮ್ಮ ಎರ್ಸಿಲಿಯಾ ಮೂವತ್ತು ವರ್ಷ ಡಬ್ಬಿಂಗ್ ಕಲಾವಿದೆಯಾಗಿದ್ದವಳು. ಆ ಕಾಲದಲ್ಲಿ ಇಂಥ ಚಿತ್ರಗಳನ್ನು ಧ್ವನಿಯಿಲ್ಲದೆ ತೆಗೆದು, ಆಮೇಲೆ ಬೇರೆಯವರ ಕಂಠ ಕೂಡಿಸುತ್ತಿದ್ದರು. ಸಣ್ಣಪುಟ್ಟ ಪಾತ್ರದವರು ಕ್ಯಾಮೆರಾ ಮುಂದೆ ಒಂದು, ಎರಡು, ಮೂರು ಎಂದು ಎಣಿಸುತ್ತ ನಿಂತರೂ ಸಾಕಿತ್ತು. ಹೇಳದೆ ಬಿಟ್ಟರೆ ಅವನು ಯಾರದೋ ಧ್ವನಿಯನ್ನು ಅಮ್ಮನದೆಂದು ಎದೆಗೆ ಅಪ್ಪಿಕೊಂಡು ಹೋಗುತ್ತಾನೆ. ಹೇಳಿದರೆ ಮುರಿದುಹೋಗುತ್ತಾನೆ. ಅವಳು ಹೇಳಿದಳು. ಹೇಳುವಾಗ ಅವನ ಮುಖ ನೋಡುವ ಧೈರ್ಯವಾಗಲಿಲ್ಲ.

"ಹಾಗಾದ್ರೆ ಅವಳು ಎಣಿಸ್ತಿದ್ಳಾ?" ಎಂದು ಅವನು ಕೇಳಿದ. ಗೊತ್ತಿಲ್ಲ ಎಂದಳು. ಅವನು ಎದ್ದು, ಅವಳಿಗೆ ಬೆನ್ನು ಹಾಕಿ ನಡೆದುಬಿಟ್ಟ. ಆ ವಾರವೆಲ್ಲ ಅಂಗಡಿಯ ಮುಂದಿನ ತಿರುವಿನಲ್ಲಿ ಟ್ರಾಮಿನ ಗಂಟೆ ಒಂದೇ ಸಲ ಬಡಿಯಿತು.

ಫುಲ್ವಿಯಾ ಅನ್ನ ನೀರು ಬಿಟ್ಟವಳ ಹಾಗಾದಳು. ಕ್ರಿಸ್‌ಮಸ್ ಊಟದ ದಿನ ಅಮ್ಮನ ಎದುರು ಏಡಿ ಸಿನಿಮಾದ ಮಾತು ತೆಗೆದಳು. ಅಮ್ಮ ತಟ್ಟೆಯಿಂದ ತಲೆಯೆತ್ತಲಿಲ್ಲ.

"ಆ ಕಿಟಕಿಯವಳಾ? ಅದಕ್ಕೆ ಧ್ವನಿ ಕೊಟ್ಟಿದ್ದು ನಾನೇ ಕಣೇ. ಅರ್ಧ ದಿನ ನನ್ನ ಪ್ರಾಣ ತಿಂದ್ಳು. ತುಟಿ ಅಷ್ಟುದ್ದ, ಮಾತು ಎರಡು."

ಫುಲ್ವಿಯಾಳ ಕೈಯಲ್ಲಿದ್ದ ಫೋರ್ಕು ಕೆಳಗೆ ಬಿತ್ತು. "ಅವಳು ಏನು ಹೇಳ್ತಿದ್ಳಮ್ಮಾ?"

ಎರ್ಸಿಲಿಯಾ ಕಣ್ಣು ಮುಚ್ಚಿ ಯೋಚಿಸಿದಳು. ಎಣಿಸುತ್ತಿರಲಿಲ್ಲ, ಅದು ಮಾತ್ರ ಖಂಡಿತ, ಆದರೆ ಮೂವತ್ತೆರಡು ವರ್ಷವಾಯಿತು, ತುಟಿ ನೋಡದೆ ಹೇಳಲಾರೆ ಎಂದಳು. ಆ ಹೆಂಗಸು ಯಾರು, ಕೇಳುತ್ತಿರುವುದು ಯಾರಿಗಾಗಿ ಎಂದು ಫುಲ್ವಿಯಾ ಬಾಯಿ ಬಿಡಲಿಲ್ಲ. ಅಮ್ಮ ಕರುಣೆಯಿಂದ ಒಂದು ಸುಳ್ಳು ಹೆಣೆದುಬಿಟ್ಟರೆ ಎಂಬ ಭಯ. ಹಬ್ಬದ ದಿನ ಕ್ಲಬ್ಬಿಗೆ ಬಾ ಎಂದಷ್ಟೇ ಕರೆದಳು.

ಹಬ್ಬದ ಮಧ್ಯಾಹ್ನ ಹಾಲ್ ತುಂಬಿತ್ತು. ಸವೇರಿಯೊ ಕೊನೆಯ ಸಾಲಿನಲ್ಲಿ ಕೋಟು ಕೂಡ ಬಿಚ್ಚದೆ ಕೂತಿದ್ದ. ಫುಲ್ವಿಯಾ ಅಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಎಲಿಯೊ ಅಜ್ಜನ ಕಿವಿಯಲ್ಲಿ, ಅಮ್ಮ ಕೇಳಿದರೆ ಕಿಟಕಿಯ ದೃಶ್ಯವನ್ನು ಇನ್ನೊಮ್ಮೆ ತೋರಿಸಬೇಕು ಎಂದಳು. ಅಜ್ಜ ಅವಳನ್ನು ದುರುಗುಟ್ಟಿ ನೋಡಿದ.

ರೀಲು ಓಡಿತು. ಬಣ್ಣ ಮಾಸಿ ಎಲ್ಲ ಗುಲಾಬಿಯಾಗಿತ್ತು. ತೊಟ್ಟಿ ತೆವಳಿತು, ಬೂಟು ಕಂಡಿತು, ಜನ ಚಪ್ಪಾಳೆ ತಟ್ಟಿದರು. ಆಮೇಲೆ ಕಿಟಕಿ. ಅವಳು ಬಂದಳು, ನಕ್ಕಳು, ತುಟಿ ಆಡಿತು. "ಅಯ್ಯೋ, ಏಡಿ." ಹಾಲ್ ನಗೆಯಲ್ಲಿ ಮುಳುಗಿತು. ನಗದವರು ಮೂವರೇ, ಸವೇರಿಯೊ, ಫುಲ್ವಿಯಾ, ಅವಳ ಅಮ್ಮ. ಎರ್ಸಿಲಿಯಾ ಕೋಲೂರಿ ಎದ್ದು ನಿಂತಳು.

"ಎಲಿಯೊ, ಹಿಂದಕ್ಕೆ ತಿರುಗಿಸು. ಧ್ವನಿ ತೆಗೆದುಬಿಡು."

ರೀಲು ಮುರಿಯುತ್ತದೆ ಎಂದು ಹಿಂದಿನಿಂದ ಯಾರೋ ಹೇಳಿದರು. ಅಜ್ಜ ತನ್ನ ಶಪಥವನ್ನೆಲ್ಲ ಗಾಳಿಗೆ ತೂರಿ ರೀಲನ್ನು ಕೈಯಿಂದಲೇ ಹಿಂದಕ್ಕೆ ಸುತ್ತಿದ. ಮತ್ತೆ ಕಿಟಕಿ. ಈ ಸಲ ಸದ್ದಿಲ್ಲ. ಎಪ್ಪತ್ತು ದಾಟಿದ ಎರ್ಸಿಲಿಯಾ ಪರದೆಗೆ ಕಣ್ಣು ನೆಟ್ಟು, ತನ್ನ ಹಳೆಯ ಕಸುಬಿನ ಅಭ್ಯಾಸದಂತೆ, ಆ ತುಟಿಗಳ ಮೇಲೆ ಒಂದೊಂದೇ ಮಾತನ್ನು ಸರಿಯಾಗಿ ಕೂರಿಸುತ್ತ ಹೋದಳು.

"ಸವೇರಿಯೊ, ಏಡಿಗೆ ಹೆದರ್ಬೇಡ ಪುಟ್ಟಾ. ಅದರೊಳಗೆ ಪಿಯೆತ್ರೊ ಮಾಮ ಇದಾನೆ. ಅಲ್ಲೇ ಕೂತಿರು. ಅಮ್ಮ ಈಗ್ಲೇ ಬರ್ತೀನಿ."

ಪಟ್ ಎಂದು ರೀಲು ತುಂಡಾಯಿತು. ಪರದೆ ಬರೀ ಬೆಳ್ಳಗಾಯಿತು.

ಎಲ್ಲರ ತಲೆ ಒಂದೊಂದಾಗಿ ಕೊನೆಯ ಸಾಲಿನ ಕಡೆ ತಿರುಗಿತು. ಫುಲ್ವಿಯಾಗೆ ಮೈಯೆಲ್ಲ ಜುಮ್ಮೆಂದಿತು. ಅಮ್ಮನಿಗೆ ಆ ಹೆಸರನ್ನು ಯಾರೂ ಹೇಳಿರಲಿಲ್ಲ. ಆ ಹೆಸರಿನವನು ಇದೇ ಹಾಲಿನಲ್ಲಿ ಕೂತಿದ್ದಾನೆಂದು ಅಮ್ಮನಿಗೆ ಈಗಲೂ ತಿಳಿದಿಲ್ಲ. "ಡೈರೆಕ್ಟರಿಗೆ ಅವತ್ತೇ ಹೇಳಿದ್ದೆ, ಈ ಹುಡುಗಿ ಕ್ಯಾಮೆರಾ ಪಕ್ಕದಲ್ಲಿರೋ ಮಗು ಹತ್ರ ಮಾತಾಡ್ತಿದಾಳೆ ಅಂತ" ಎಂದು ಎರ್ಸಿಲಿಯಾ ಗೊಣಗಿದಳು. ಏಡಿ ಅಂತ ಹಾಕಿ, ಸಾಕು ಎಂದಿದ್ದನಂತೆ ಆ ಡೈರೆಕ್ಟರ್.

ಸವೇರಿಯೊ ಎದ್ದು ಮುಂದೆ ಬಂದ. ಕಣ್ಣೀರು ಧಾರಾಕಾರ, ಒರೆಸಿಕೊಳ್ಳಬೇಕೆಂಬ ಗೊಡವೆಯೂ ಇಲ್ಲ. ಮುದುಕಿಯ ಕೈ ಹಿಡಿದುಕೊಂಡು, ಆ ಸವೇರಿಯೊ ತಾನೇ ಎಂದ. ಎರ್ಸಿಲಿಯಾ ಬಾಯಿ ಮೇಲೆ ಕೈಯಿಟ್ಟುಕೊಂಡು ಕುರ್ಚಿಯಲ್ಲಿ ಕುಸಿದಳು. ಮೂವತ್ತೆರಡು ವರ್ಷ ಒಂದು ಮಗುವಿಗೆ ತಲುಪಬೇಕಾದ ಮಾತನ್ನು ತಾನೇ ಮುಚ್ಚಿಟ್ಟುಕೊಂಡಿದ್ದೆ ಎಂದು ಅತ್ತಳು. ಅವನೇ ಅವಳನ್ನು ಸಮಾಧಾನ ಮಾಡಬೇಕಾಯಿತು.

ಆಮೇಲೆ ಅವನು ಸಭೆಯ ಕಡೆ ತಿರುಗಿದ. "ನನ್ನ ಓಟು ವಾಪಸ್ ತಗೋತೀನಿ" ಎಂದ.

"ನಂದೂ" ಎಂದಳು ಫುಲ್ವಿಯಾ.

ಎಲಿಯೊ ಅಜ್ಜ ತುಂಡಾದ ರೀಲನ್ನು ಹಸುಗೂಸಿನಂತೆ ಕೈಯಲ್ಲಿ ಹಿಡಿದೇ ಬೋರ್ಡಿನ ಹತ್ತಿರ ಹೋಗಿ ಏಡಿಗಳನ್ನು ಅಳಿಸಿ ಚಕ್ರವರ್ತಿಯ ಹೆಸರು ಬರೆದ. ಮುಂದಿನ ಭಾನುವಾರ ಅದನ್ನು ತೋರಿಸುತ್ತೇನೆ, ಈ ರೀಲನ್ನು ನಾಳೆಯೇ ಅಂಟಿಸಿ ಕೊಡುತ್ತೇನೆ ಎಂದ. ಅಜ್ಜ ರೀಲು ಕೊಡುತ್ತೇನೆ ಎಂದದ್ದನ್ನು ಯಾರೂ ಅದುವರೆಗೆ ಕೇಳಿರಲಿಲ್ಲ.

ಹೊರಗೆ ಚಳಿಗಾಲದ ಎಳೆ ಬಿಸಿಲು. ಮುದುಕರ ಮರದ ಚೆಂಡುಗಳು ಒಂದಕ್ಕೊಂದು ತಾಗಿ ಟಕ್ ಟಕ್ ಎನ್ನುತ್ತಿದ್ದವು. ಫುಲ್ವಿಯಾ ಅದೇ ಬೆಂಚಿನ ಹತ್ತಿರ ನಿಂತು, ನೂರು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಕ್ಷಮೆಯ ಮಾತನ್ನು ಹೇಳಲು ಬಾಯಿ ತೆರೆದಳು. ಅವನು ತಡೆದ.

"ಅವತ್ತು ನೀವು ಆಡಿ ತೋರಿಸಿದಾಗ ಎದ್ದು ಹೋದೆನಲ್ಲ, ಅದು ಕೋಪಕ್ಕಲ್ಲ."

"ಮತ್ತೆ?"

"ಮನೇಲಿರೋ ಎರಡು ಫೋಟೋದಲ್ಲೂ ಅಮ್ಮ ಮುಖ ಬಿಗಿದುಕೊಂಡು ನಿಂತಿದಾಳೆ. ಅವಳು ನಗ್ತಿದ್ಳು ಅಂತ ನನಗೆ ಮೊದಲು ತಿಳಿಸಿದ್ದು ನೀವು."

ಫುಲ್ವಿಯಾ ಹದಿನೈದು ದಿನ ತನ್ನನ್ನು ತಾನೇ ಬೈದುಕೊಂಡದ್ದೆಲ್ಲ ಕಣ್ಣಿನಿಂದ ಇಳಿದು ಹೋಯಿತು. ಅವನು ಜೇಬಿನಿಂದ ಒಂದು ಕಿತ್ತಳೆ ತೆಗೆದು ಬಿಡಿಸಿದ. ಅರ್ಧ ಅವಳ ಅಂಗೈಯಲ್ಲಿಟ್ಟ. ಇಟ್ಟ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

"ನಾನು ನಿಮ್ಮ ಸಿನಿಮಾಗೆ ಓಟು ಹಾಕಿದ್ದು ಸಿನಿಮಾ ಕೆಟ್ಟದ್ದು ಅಂತಲ್ಲ" ಎಂದಳು. "ನೀವು ಇಷ್ಟ ಅಂತ."

ಅವನ ಎರಡೂ ಕಿವಿ ಕೆಂಪಾದವು. "ಮುಂದಿನ ಭಾನುವಾರ ನಿನ್ನ ಪಕ್ಕ ಕೂತ್ಕೊಳ್ಲಾ?" ಎಂದ. ನೀವು ಎನ್ನುವುದು ಎಲ್ಲಿ ಉದುರಿಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ.

"ಚಕ್ರವರ್ತಿ ಸಿನಿಮಾ ತುಂಬಾ ಕೆಟ್ಟದ್ದು, ಹೇಳಿರ್ತೀನಿ."

"ಪರವಾಗಿಲ್ಲ" ಎಂದ ಸವೇರಿಯೊ. "ಎರಡು ಸಲ ನೋಡೋಣ."