ಅರ್ಧಕ್ಕೆ ಎದ್ದು ಬಂದವಳು

"ನೀರು ಕುಡೀರಿ. ಹೊಸ ಬಾಟಲಿ, ಇನ್ನೂ ಮುಚ್ಚಳ ತೆಗೆದಿಲ್ಲ."

ಅವಳು ತಲೆ ಎತ್ತಿದಳು. ಮಟಮಟ ಮಧ್ಯಾಹ್ನ, ಚಿತ್ರಮಂದಿರದ ಬಾಲ್ಕನಿ ಮೆಟ್ಟಿಲ ಮೇಲೆ ಕೂತು ಕರ್ಚೀಫು ಕಚ್ಚಿಕೊಂಡು ಅಳುತ್ತಿರುವಾಗಲೇ ಯಾರಾದರೂ ಬರಬೇಕೇ? ಎದುರಿಗೆ ನಿಂತವನ ಅಂಗಿ ಇಸ್ತ್ರಿ ಕಂಡಿರಲಿಲ್ಲ, ಗಡ್ಡ ಎರಡು ದಿನದ್ದು. ಕಣ್ಣು ಮಾತ್ರ... ಪಾಪ, ಅವೂ ಅತ್ತು ಅತ್ತು ಸುಸ್ತಾದಂತಿದ್ದವು.

"ಏನಿಲ್ಲ... ಒಳಗೆ ಸೆಕೆ."

"ಹೌದೌದು. ಏಸಿ ಜೋರಾಗಿದ್ರೆ ಹಾಗೇ ಆಗುತ್ತೆ."

ಅಳುವಿನ ನಡುವೆಯೂ ಅವಳಿಗೆ ನಗು ಬಂತು. ಅವನು ಎರಡು ಮೆಟ್ಟಿಲು ಕೆಳಗೆ, ಅವಳಿಗೆ ಬೆನ್ನು ಮಾಡಿ ಕೂತ. ಅವಳು ಸಂಕೋಚವಿಲ್ಲದೆ ಅಳಲಿ ಎಂದು. ಗಂಡ ತೀರಿಕೊಂಡ ಈ ನಾಲ್ಕು ವರ್ಷದಲ್ಲಿ ಎಷ್ಟೋ ಜನ ಅವಳಿಗೆ 'ಅಳಬೇಡ' ಅಂದಿದ್ದರು. ಅಳಲು ಬಿಟ್ಟು ಕೂತವನು ಇವನೊಬ್ಬನೇ.

ಅವಳ ಕೆಲಸ ಏನೆಂದು ಇಲ್ಲಿ ಹೇಳಿಬಿಡಬೇಕು. ಪ್ರಾರ್ಥನಾ ಮಂದಿರದ ವಾರಪತ್ರಿಕೆಯಲ್ಲಿ 'ಮಕ್ಕಳ ಜೊತೆ ನೋಡಬಹುದೇ?' ಎಂಬ ಸಿನಿಮಾ ಅಂಕಣ ಬರೆಯುವವಳು ಅವಳೇ. ಕೆಳಗೆ ಹೆಸರಿಲ್ಲ, 'ಒಬ್ಬ ತಾಯಿ' ಎಂದಷ್ಟೇ. ಚಿಕ್ಕಂದಿನಿಂದಲೂ ಸಿನಿಮಾ ಹುಚ್ಚು. ದೇವರ ಮೇಲೆ ಬೆಟ್ಟದಷ್ಟು ನಂಬಿಕೆ. ಎರಡೂ ಒಂದೇ ಮನಸ್ಸಿನಲ್ಲಿ ಹೇಗಮ್ಮಾ ಇರುತ್ತವೆ ಎಂದು ಕೇಳಿದವರಿಗೆ, "ಒಂದೇ ಮನೇಲಿ ಅತ್ತೆ ಸೊಸೆ ಇರಲ್ವಾ, ಹಾಗೇ" ಅನ್ನುತ್ತಿದ್ದಳು.

ಕತ್ತಲಲ್ಲೇ ಪುಟ್ಟ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುವಳು. ಹೊಡೆದಾಟ ಎಷ್ಟು, ಬೈಗುಳ ಎಷ್ಟು, ಮಗು ಎಲ್ಲಿ ಹೆದರೀತು, ಎಲ್ಲಿ ಪ್ರಶ್ನೆ ಕೇಳೀತು... ಅವಳು ಬೇಡ ಅಂದರೆ ಮಂದಿರಕ್ಕೆ ಸೇರಿದ ಒಂದು ಕುಟುಂಬವೂ ಆ ಚಿತ್ರದ ಕಡೆ ತಲೆ ಹಾಕುತ್ತಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಅವಳನ್ನು 'ಸೆನ್ಸಾರಮ್ಮ' ಅನ್ನುತ್ತಿದ್ದರು. ಮುಖಕ್ಕೇ ಅನ್ನುತ್ತಿದ್ದವಳು ಒಂಬತ್ತು ವರ್ಷದ ಮಗಳು ಪುಟ್ಟಿ ಮಾತ್ರ.

ಅವಳದೊಂದು ಕಟ್ಟುನಿಟ್ಟಿನ ನಿಯಮ ಇತ್ತು: ಕೊನೆಯ ಹೆಸರು ತೆರೆಯಿಂದ ಹೋಗುವವರೆಗೆ ಏಳಬಾರದು. ನೋಡದ್ದನ್ನು ಬರೆಯಬಾರದು.

ಆ ಶುಕ್ರವಾರ ಅದು ಮುರಿಯಿತು. ತೆರೆಯ ಮೇಲೆ ಹೆಂಡತಿಯನ್ನು ಕಳೆದುಕೊಂಡ ಗಂಡಸೊಬ್ಬ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಮೇಲೆ ನೋಡಿ ಕೂಗಿದ್ದ: "ನಿನಗೆ ಕಿವಿ ಇಲ್ವಾ? ಇಷ್ಟು ದಿನ ನಾನು ಯಾರ ಹತ್ರ ಮಾತಾಡ್ತಿದ್ದೆ?"

ನಾಲ್ಕು ವರ್ಷದ ಹಿಂದೆ ಅಂಥದೇ ಕಾರಿಡಾರಿನಲ್ಲಿ ಅವಳೂ ದೇವರನ್ನು ಹೀಗೇ ಬೈದಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ಪುಟ್ಟಿಗಂತೂ ಗೊತ್ತಾಗಲೇಬಾರದು ಎಂದುಕೊಂಡಿದ್ದಳು. ಅಷ್ಟಕ್ಕೇ ಎದ್ದು ಹೊರಗೆ ಬಂದು ಆ ಮೆಟ್ಟಿಲ ಮೇಲೆ ಕೂತಿದ್ದಳು.

ಸಂಜೆಯೊಳಗೆ ಬರಹ ಕೊಡಬೇಕಿತ್ತು. ಮನೆಗೆ ಬಂದು ಒಂದೇ ಉಸಿರಿಗೆ ಬರೆದಳು: 'ದೇವರನ್ನು ಹೀಯಾಳಿಸುವ ಚಿತ್ರ. ದಯವಿಟ್ಟು ಮಕ್ಕಳನ್ನು ಕರೆದೊಯ್ಯಬೇಡಿ.' ಅವಳಿಗೆ ಬೇಡವಾಗಿದ್ದು ಆ ಚಿತ್ರವಲ್ಲ, ಅದರಲ್ಲಿ ಕೇಳಿದ ತನ್ನದೇ ದನಿ. ಬರೆಯುವಾಗಲೇ ಅದು ಅವಳಿಗೆ ಗೊತ್ತಿತ್ತು.

ಮಂಗಳವಾರ ಕಾಲು ತಾನಾಗಿ ಚಿತ್ರಮಂದಿರದ ಕಡೆ ಎಳೆಯಿತು. ಉಳಿದರ್ಧ ನೋಡೋಣ ಎಂದು ತನಗೆ ತಾನೇ ಹೇಳಿಕೊಂಡಳು. ಸುಳ್ಳು... ಅವನಿದ್ದಾನೋ ಎಂದು ನೋಡಲು ಹೋಗಿದ್ದಳು.

ಇದ್ದ. ಟೀ ಅಂಗಡಿಯ ಬೆಂಚಿನ ಮೇಲೆ.

"ಇವತ್ತೂ ಸೆಕೆನಾ?"

"ಇವತ್ತು ಬರೀ ಟೀ."

ಮಾತು ಸಿನಿಮಾದಿಂದ ಶುರುವಾಗಿ ಎಲ್ಲೆಲ್ಲಿಗೋ ಹೋಯಿತು. ಅವನ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು.

"ಈಗಲೂ ಬೆಳಿಗ್ಗೆ ಎರಡು ಲೋಟ ತೆಗೀತೀನಿ," ಎಂದ ಅವನು. "ಆಮೇಲೆ ಒಂದನ್ನ ಸುಮ್ನೆ ವಾಪಸ್ ಇಡ್ತೀನಿ."

"ನಾನೂ ತೆಗೀತಿದ್ದೆ. ಒಂದಿನ ಪುಟ್ಟಿ ಏನೂ ಕೇಳದೆ ಆ ಎರಡನೇ ಲೋಟದಲ್ಲಿ ಹಾಲು ಕುಡಿದ್ಲು."

ಈ ಮಾತನ್ನು ಇವನ ಹತ್ತಿರ ಯಾಕೆ ಹೇಳಿದೆ? ಮತ್ತೆ ಯಾರ ಕಡೆಗಾದರೂ ಮನಸ್ಸು ವಾಲುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

"ನಿಮಗೆ ಹೇಳಲಿಲ್ಲ ನೋಡಿ," ಅವನು ನಾಚಿಕೊಂಡೇ ಹೇಳಿದ. "ಈ ಚಿತ್ರದ ನಿರ್ದೇಶಕ ನಾನೇ. ಮೊದಲನೇದು. ಅವತ್ತು ನೀವು ಅಳ್ತಿದ್ದಿದ್ದು ನೋಡಿ, ಒಬ್ಬರಿಗಾದ್ರೂ ಮುಟ್ಟಿತಲ್ಲ ಅಂದ್ಕೊಂಡೆ. ನಾಳೆ ಇಲ್ಲಿಂದ ಚಿತ್ರ ತೆಗೀತಾರಂತೆ."

"ಯಾ... ಯಾಕೆ?"

"ಪ್ರಾರ್ಥನಾ ಮಂದಿರದ ಪತ್ರಿಕೇಲಿ ಯಾರೋ ಒಬ್ಬ ತಾಯಿ ಬರೆದಿದ್ದಾರೆ, ದೇವರನ್ನ ಹೀಯಾಳಿಸಿದೀನಂತೆ. ಶಾಲೆಯವರು ಬರಲ್ಲ ಅಂದ್ರು, ಮನೆ ಮಂದಿ ಬರೋದು ನಿಂತೇಹೋಯ್ತು. ಕೊನೆವರೆಗೂ ನೋಡಿದವರು ಹಾಗೆ ಬರೀತಾರಾ, ನೀವೇ ಹೇಳಿ? ಭಾನುವಾರ ಅಲ್ಲಿಗೇ ಹೋಗಿ ಕೇಳ್ತೀನಿ."

ಅವಳು ಟೀ ಲೋಟ ಬೆಂಚಿನ ಮೇಲಿಟ್ಟಳು. ಹೇಳಿಬಿಡು... ಈಗಲೇ ಹೇಳಿಬಿಡು...

"ಮಗಳು ಶಾಲೆಯಿಂದ ಬರೋ ಹೊತ್ತು," ಎಂದು ಎದ್ದುಬಿಟ್ಟಳು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಯಾರೂ ಮನೆಗೆ ಹೋಗಲಿಲ್ಲ. ಕುರ್ಚಿಗಳನ್ನು ಸುತ್ತ ಎಳೆದುಕೊಂಡು ಕೂತರು. ಪುಟ್ಟಿ ಎರಡನೇ ಸಾಲಿನಲ್ಲಿ ಕಾಲಾಡಿಸುತ್ತಿದ್ದಳು. ಅಮ್ಮ ಬರೆದದ್ದರ ಬಗ್ಗೆ ಸಭೆ ಎಂದರೆ ಅವಳಿಗೆ ಎಲ್ಲಿಲ್ಲದ ಹೆಮ್ಮೆ.

ಮಂದಿರದ ಹಿರಿಯರು ನಿರ್ದೇಶಕನನ್ನು ಮುಂದೆ ಕರೆದರು. "ನೋಡಿಪ್ಪಾ, ನಮ್ಮ ಈ ತಂಗಿ ನೋಡದೆ ಒಂದಕ್ಷರ ಬರೆಯೋರಲ್ಲ. ಆ 'ಒಬ್ಬ ತಾಯಿ' ಇವರೇ. ಏನು ಕೇಳಬೇಕೋ ಕೇಳಿ."

ಅವನು ತಿರುಗಿದ. ಅವಳನ್ನು ಕಂಡ.

ಅವಳು ಅರ್ಧಕ್ಕೆ ಎದ್ದು ಬಂದದ್ದನ್ನು ಜಗತ್ತಿನಲ್ಲಿ ಕಂಡವನು ಅವನೊಬ್ಬನೇ. ಒಂದು ಮಾತು ಆಡಿದ್ದರೆ ಸಾಕಿತ್ತು. ಅವನ ಮುಖದ ಬಣ್ಣ ಇಳಿಯಿತು. ಕೈಯಲ್ಲಿದ್ದ ಹಾಳೆಗಳನ್ನು ಮಡಚಿದ. ಎರಡನೇ ಸಾಲಿನಲ್ಲಿದ್ದ ಹುಡುಗಿಯನ್ನೂ ನೋಡಿದ. ತಾಯಿಯದೇ ಮೂಗು, ಗುರುತು ಹತ್ತದೆ ಇದ್ದೀತೇ?

"ಕೇಳೋದೇನಿಲ್ಲ," ಎಂದ. "ಅವರಿಗೆ ಅನ್ನಿಸಿದ್ದು ಬರೆದಿದ್ದಾರೆ. ಬರ್ತೀನಿ."

ಹೋಗಲಿ... ಹೋಗಿಬಿಡಲಿ... ಒಂದು ಕ್ಷಣ ಅವಳು ನಿಜವಾಗಿಯೂ ಹಾಗೇ ಅಂದುಕೊಂಡಳು. ಅವನು ಬಾಗಿಲು ದಾಟಿದರೆ ಅಂಕಣ ಉಳಿಯುತ್ತದೆ, ಮರ್ಯಾದೆ ಉಳಿಯುತ್ತದೆ, ಮಗಳ ಕಣ್ಣಿನ ಹೆಮ್ಮೆ ಉಳಿಯುತ್ತದೆ. ಅವನೊಬ್ಬ ಉಳಿಯುವುದಿಲ್ಲ.

"ನಾನು ಪೂರ್ತಿ ನೋಡಿಲ್ಲ."

ಸಭೆಯಲ್ಲಿ ಗುಜುಗುಜು ಎದ್ದಿತು. ಅವಳು ಎದ್ದು ನಿಂತಳು. "ಅರ್ಧಕ್ಕೆ ಎದ್ದು ಬಂದೆ. ಆ ಮನುಷ್ಯ ದೇವರನ್ನ ಬೈದಾಗ... ನನಗೆ ನನ್ನ ನೆನಪಾಯ್ತು. ಪುಟ್ಟಿಯ ಅಪ್ಪ ಹೋದ ದಿನ ನಾನೂ ಬೈದಿದ್ದೆ. ಅದನ್ನ ಮುಚ್ಚಿಡೋಕೆ ಇವರ ಚಿತ್ರದ ಮೇಲೆ ಕಲ್ಲು ಹಾಕಿದೆ. ತಪ್ಪಾಯ್ತು."

ಪುಟ್ಟಿಯ ಕಾಲು ಆಡುವುದು ನಿಂತಿತ್ತು. ಹಿರಿಯರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಮುಂದಿನ ವಾರದಿಂದ ಅಂಕಣ ಬೇರೆಯವರಿಗೆ ಹೋಯಿತು. ಚಿತ್ರ ಆಗಲೇ ಹೋಗಿತ್ತು. ಬೇರೆ ಯಾವ ಚಿತ್ರಮಂದಿರದವರೂ ಅದನ್ನು ಕೇಳಲಿಲ್ಲ.

ಹತ್ತು ದಿನ ಬಿಟ್ಟು ಅವಳು ಅವನ ಸಂಕಲನದ ಕೋಣೆ ಹುಡುಕಿಕೊಂಡು ಹೋದಳು. ಪುಟ್ಟಿಯನ್ನೂ ಕರೆದುಕೊಂಡೇ ಹೋದಳು.

"ಉಳಿದದ್ದು ನೋಡಬೇಕು. ಮೊದಲಿಂದ ಹಾಕ್ತೀರಾ?"

"ಮಗೂನ ಕರ್ಕೊಂಡು ಬಂದಿದೀರಿ?"

"ಅವಳಮ್ಮ ನಾನು. ನೋಡಬಹುದು ಅಂತಿದೀನಿ."

ಅವನು ಕಿಟಕಿಯ ಪರದೆ ಎಳೆದು ಚಿತ್ರ ಹಾಕಿದ. ಕಾರಿಡಾರಿನ ದೃಶ್ಯ ಬಂತು. ಆ ಮನುಷ್ಯ ಕೂಗಿದ. ಈ ಸಲ ಅವಳು ಏಳಲಿಲ್ಲ.

ಪುಟ್ಟಿ ಅವಳ ಕೈ ಜಗ್ಗಿದಳು. "ಅಮ್ಮಾ... ನೀನು ಇಷ್ಟು ಜೋರಾಗಿ ಬೈದಿದ್ದಾ?"

"ಹೂಂ ಪುಟ್ಟಿ."

"ಮತ್ತೆ ಆಮೇಲೂ ಪ್ರಾರ್ಥನೆ ಮಾಡ್ತಿದ್ಯಲ್ಲಾ?"

"ಮಾಡ್ದೆ ಏನ್ಮಾಡ್ಲಿ... ಬೇರೆ ಯಾರ ಹತ್ರ ಹೋಗ್ಲಿ ಹೇಳು?"

ಪುಟ್ಟಿ ಅಮ್ಮನಿಗೆ ಒತ್ತಿ ಕೂತಳು. ಆಮೇಲೆ ಮೆಲ್ಲಗೆ, "ನಾನೂ ಬೈದಿದೀನಿ ಅಮ್ಮಾ. ತುಂಬ ಸಲ. ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

ನಾಲ್ಕು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ತಾಯಿ ಮಗಳು ಒಂದೇ ಗುಟ್ಟನ್ನು ಬೇರೆ ಬೇರೆಯಾಗಿ ಬಚ್ಚಿಟ್ಟುಕೊಂಡಿದ್ದರು. ಅವಳು ಮಗಳನ್ನು ಎದೆಗೆ ಎಳೆದುಕೊಂಡು ಅತ್ತಳು. ಚಿತ್ರದ ಕೊನೆಯಲ್ಲಿ ಆ ಮನುಷ್ಯ ಪ್ರಾರ್ಥನೆಗೆ ಬಂದು ಕೂತ. ಅವನ ಬಾಯಿಂದ ಒಂದು ಮಾತೂ ಬರಲಿಲ್ಲ, ಆದರೂ ಕೂತೇ ಇದ್ದ. ಅವಳು ಕೊನೆಯ ಹೆಸರಿನವರೆಗೂ ನೋಡಿದಳು.

ಪುಟ್ಟಿ ಹೊರಗೆ ಜಗಲಿಗೆ ಹೋದಳು. ಕೋಣೆಯಲ್ಲಿ ಇಬ್ಬರೇ ಉಳಿದರು.

"ನಿಮ್ಮ ಚಿತ್ರ ನನ್ನಿಂದ ಹೋಯ್ತು," ಎಂದಳು. "ಇನ್ನು ವಾಪಸ್ ಬರಲ್ಲ."

"ಬರಲ್ಲ."

ಪರವಾಗಿಲ್ಲ ಎಂದು ಅವನು ಹೇಳಲಿಲ್ಲ. ಅವಳೂ ಅದನ್ನು ಬಯಸಿರಲಿಲ್ಲ.

"ಕೋಪ ಇದೆಯಾ?"

"ಇದೆ. ಅವತ್ತು ಟೀ ಕುಡಿಯುವಾಗಲೇ ಹೇಳಿದ್ರೆ ಇಷ್ಟು ಇರ್ತಿರಲಿಲ್ಲ." ಅವನು ಕಿಟಕಿಯ ಪರದೆ ಸರಿಸಿದ. "ಕೋಪ ಇದ್ದೂ ದಿನಾ ನಿಮ್ಮನ್ನ ನೋಡಬೇಕು ಅನ್ಸುತ್ತಲ್ಲ... ಅದಕ್ಕೇನು ಮಾಡ್ಲಿ?"

ಅವಳು ತಲೆ ಎತ್ತಿದಳು. ಕಣ್ಣೀರು ಒರೆಸಿಕೊಳ್ಳುವ ಗೊಡವೆಗೇ ಹೋಗಲಿಲ್ಲ.

"ನನಗೂ ಅನ್ಸುತ್ತೆ. ಕೋಪ ಇರೋವರೆಗೂ ನಾನೇ ಬರ್ತೀನಿ. ಕೂರಿಸ್ಕೊಂಡು ಬೈಯಿರಿ."

"ಕೋಪ ಹೋದ್ಮೇಲೆ?"

"ಹೋದ್ಮೇಲೆ... ನೀವು ನಮ್ಮನೆಗೆ ಬನ್ನಿ."