ಕಳಿಸಿದವರ ಲೆಕ್ಕ

ನನ್ನ ಗಂಡನ ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ. ಅತ್ತೆ ಅಡುಗೆಮನೆಯಿಂದ, ರೂಢಿಯಂತೆ ಮಗನನ್ನೇ ಕೂಗಿದರು: "ಲೋ, ಮೋಟರ್ ಆಫ್ ಮಾಡೋ!"

ಯಾರೂ ಏಳಲಿಲ್ಲ. ಟ್ಯಾಂಕ್ ತುಂಬಿ ಸುರಿಯಿತು. ಕೊನೆಗೆ ನಾನೇ ಹೋಗಿ ಸ್ವಿಚ್ ಒತ್ತಿದೆ.

ಅತ್ತೆ ಬಾಗಿಲಿಗೆ ಬಂದು ನಿಂತರು. "ನೀನು ಆರಿಸಿದ್ದು ಒಳ್ಳೆ ಆಸ್ಪತ್ರೆನೇ ಅಲ್ವಾ ಮಗಳೇ? ಅದಕ್ಕಿಂತ ಒಳ್ಳೇದು ಇರ್ಲಿಲ್ಲ ತಾನೇ?"

"ಇರ್ಲಿಲ್ಲ ಅತ್ತೆ."

ಅವರ ಮುಖ ನೋಡದೆ ಒಳಗೆ ನಡೆದೆ.

ಹನ್ನೆರಡು ಸರ್ಕಾರಿ ಆಸ್ಪತ್ರೆಗಳ ಅಂಕಿಅಂಶ ಹೋಲಿಸುವುದು ನನ್ನ ಕೆಲಸ. ಸಾವಿರ ಶಸ್ತ್ರಚಿಕಿತ್ಸೆಗೆ ಎಷ್ಟು ಸಾವು ಎಂದು ನೋಡಿ, ರೋಗಿಗಳ ವಯಸ್ಸು, ಕಾಯಿಲೆಯ ತೀವ್ರತೆಗಳನ್ನು ಸರಿದೂಗಿಸಿ ಪಟ್ಟಿ ಮಾಡುತ್ತೇನೆ. ನಾಲ್ಕನೇ ನಂಬರಿನ ಆಸ್ಪತ್ರೆ ಸದಾ ಮೊದಲು. ಒಂಬತ್ತನೆಯದು ಸದಾ ಕೊನೆ. ನನ್ನ ಗಂಡ ಆ ಒಂಬತ್ತರಲ್ಲಿ ದಾಖಲೆ ಗುಮಾಸ್ತನಾಗಿದ್ದ.

ಮೂರು ವರ್ಷದ ಹಿಂದೆ ನನ್ನ ಮೇಜಿನ ಮುಂದೆ ಬಂದು ನಿಂತಿದ್ದ.

"ನಮ್ಮನ್ನ ಕೊನೇ ಬೆಂಚಿಗೆ ಹಾಕಿದ ಮೇಡಂ ನೀವೇನಾ?"

"ಹಾಕಿದ್ದು ನಾನಲ್ಲ. ಅಂಕಿ."

"ಅಂಕಿಗೆ ಕೈಕಾಲು ಇರಲ್ಲ ಮೇಡಂ. ಬೇರೆಯವರು ಆಪರೇಷನ್ ಕೆಡಿಸ್ಕೊಂಡು, ಸಾಯೋರನ್ನ ನಮ್ಮ ಬಾಗಿಲಿಗೆ ತಂದು ಇಳಿಸ್ತಾರೆ. ಅವರು ಮಾಡಿದ್ದು, ನಾವು ಉಣ್ಣೋದು."

"ದಾಖಲೆ ಇದೆಯಾ?"

ಅವನ ಕಣ್ಣು ನಗುತ್ತಿತ್ತು, ತುಟಿ ಸಿಟ್ಟಿನಲ್ಲಿತ್ತು. ಯಾವುದನ್ನು ನಂಬಬೇಕೋ ತಿಳಿಯದೆ ನಾನು ಪೆನ್ನಿನ ಮುಚ್ಚಳ ತಿರುವುತ್ತ ಕುಳಿತೆ.

"ಹುಡುಕ್ತೀನಿ. ಸಿಗೋವರೆಗೂ ದಿನಾ ಬರ್ತೀನಿ."

ಬಂದ. ಮದುವೆಯಾದ ಮೇಲೂ ಪಂದ್ಯ ಮುಗಿಯಲಿಲ್ಲ.

ಹೋದ ತಿಂಗಳು ದಪ್ಪ ರಿಜಿಸ್ಟರೊಂದನ್ನು ಮನೆಗೆ ಹೊತ್ತು ತಂದ. ಹಿಂದಿನ ವರ್ಷ ಆಂಬ್ಯುಲೆನ್ಸಿನಲ್ಲಿ ಒಂಬತ್ತಕ್ಕೆ ಬಂದವರು, ಎಲ್ಲಿಂದ ಬಂದರು ಎಂಬ ಪುಸ್ತಕ. "ತುರ್ತು ವಿಭಾಗದ ಸಿಸ್ಟರ್ ಹತ್ರ ಎರಡು ದಿನಕ್ಕೆ ಇಸ್ಕೊಂಡಿದ್ದೀನಿ. ನಿನ್ನ ಆಟ ಮುಗೀತು ಕಣೇ," ಎಂದು ಮೂಗು ಹಿಂಡಿದ. ನಾಲ್ಕರಿಂದ ಬಂದು ಸತ್ತವರ ಹೆಸರಿನ ಪಕ್ಕ ಪೆನ್ಸಿಲ್ ಚುಕ್ಕಿ ಇಡತೊಡಗಿದ.

ಪುಸ್ತಕ ಅರ್ಧವಾಗುವಷ್ಟರಲ್ಲಿ ಅವನಿಗೆ ಹೊಟ್ಟೆನೋವು ಬಂತು. ಎಲ್ಲಿಗೆ ಹೋಗೋಣ ಎಂದು ಕೇಳಿದೆ. ಬಾಗಿಲ ಚೌಕಟ್ಟು ಹಿಡಿದು, ಬಗ್ಗಿಕೊಂಡೇ ನಕ್ಕ.

"ಪಂದ್ಯ ಇನ್ನೂ ಮುಗ್ದಿಲ್ಲ. ಸದ್ಯಕ್ಕೆ ನೀನೇ ಮುಂದೆ. ನಡಿ, ನಿನ್ನ ಫಸ್ಟ್ ರ‍್ಯಾಂಕಿಗೇ ಹೋಗೋಣ."

ನಾಲ್ಕರಲ್ಲಿ ಆಪರೇಷನ್ ಆಯಿತು. ಮೂರನೇ ದಿನ ಆಂಬ್ಯುಲೆನ್ಸಿಗೆ ಏರಿಸಿ ಒಂಬತ್ತಕ್ಕೆ ಕಳಿಸಿದರು. ಅಲ್ಲಿ ಒಂದು ಗಂಟೆ ಬದುಕಿದ್ದ. ನಾಲ್ಕರ ಕಡತದಲ್ಲಿ ಅವನು 'ಜೀವಂತ ಬಿಡುಗಡೆ'.

ರಿಜಿಸ್ಟರ್ ಮೇಜಿನ ಮೇಲೆಯೇ ಇತ್ತು. ಶನಿವಾರ, ಹಿಂದಿನ ವರ್ಷದ ಅಂಕಿ ಮೇಲಿನ ಈ ವರ್ಷದ ಪಟ್ಟಿ ಹೊರಬೀಳಬೇಕು. ತೆರೆಯದೆ ಹಿಂತಿರುಗಿಸಿದರೆ ನಾಲ್ಕು ಮೊದಲೇ ಉಳಿಯುತ್ತದೆ, ಅತ್ತೆಗೆ ಹೇಳಿದ ಮಾತೂ ಉಳಿಯುತ್ತದೆ. ತೆರೆದರೆ, ಅವನನ್ನು ಸಾವಿಗೆ ಕಳಿಸಿದ್ದು ನನ್ನ ತಪ್ಪು ಪಟ್ಟಿ ಎಂಬುದು ಅಂಕಿಯಲ್ಲೇ ಗೊತ್ತಾಗುತ್ತದೆ. ಎರಡು ದಿನ ಅದರ ಮೇಲೆ ಟವೆಲ್ ಹಾಕಿಟ್ಟೆ.

ಮೂರನೇ ದಿನ, ಅತ್ತೆಯ ಅಣ್ಣ ಫೋನಿನಲ್ಲಿ ಹರ್ನಿಯಾ ಆಪರೇಷನ್ನಿಗೆ ಎಲ್ಲಿಗೆ ಹೋಗಲಿ ಎಂದು ಕೇಳುವುದು ಕೇಳಿಸಿತು. ಅತ್ತೆ, "ನಾಲ್ಕಕ್ಕೇ ಹೋಗು, ನನ್ನ ಸೊಸೆ ಲೆಕ್ಕ ಹಾಕಿದ್ದಾಳೆ," ಎಂದರು.

ಟವೆಲ್ ತೆಗೆದೆ.

ಅವನ ಚುಕ್ಕಿ ಜೂನ್ ಹದಿನಾಲ್ಕಕ್ಕೆ ನಿಂತಿತ್ತು. ಉಳಿದವನ್ನು ನಾನು ಇಟ್ಟೆ, ಅದೇ ಪೆನ್ಸಿಲಿನಲ್ಲಿ. ನಾಲ್ಕರ ಲೆಕ್ಕದಲ್ಲಿ ಆ ವರ್ಷ ಸತ್ತವರು ಆರು ಜನ. ಒಂಬತ್ತಕ್ಕೆ ಕಳಿಸಿದ ಮೇಲೆ ಸತ್ತವರು ಇಪ್ಪತ್ತೆರಡು. ಅವರನ್ನು ಒಂಬತ್ತರ ಲೆಕ್ಕದಿಂದ ತೆಗೆದು, ಕಳಿಸಿದವರ ಲೆಕ್ಕಕ್ಕೆ ಸೇರಿಸಿದೆ. ನಾಲ್ಕು ಹನ್ನೊಂದನೇ ಸ್ಥಾನಕ್ಕೆ ಕುಸಿಯಿತು. ಒಂಬತ್ತು ಮೂರಕ್ಕೆ ಏರಿತು.

ಅತ್ತೆಯ ಮುಂದೆ ಹೋಗಿ ನಿಂತೆ. "ಅತ್ತೆ, ನನ್ನ ಪಟ್ಟಿ ತಪ್ಪಾಗಿತ್ತು. ನಿಮ್ಮಣ್ಣನಿಗೆ ಅಲ್ಲಿಗೆ ಹೋಗ್ಬೇಡಿ ಅಂತ ಹೇಳಿ."

ಅವರು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು. ಹೊಡೆದಿದ್ದರೂ ಸಹಿಸುತ್ತಿದ್ದೆ.

"ಅವನಿಗೆ ಗೊತ್ತಿತ್ತಾ?"

"ಅನುಮಾನ ಇತ್ತು."

"ಆದ್ರೂ ನಿನ್ನ ಪಟ್ಟಿ ಹೇಳಿದ ಕಡೆನೇ ಹೋದ." ಸೆರಗಿನಿಂದ ಮುಖ ಒರೆಸಿಕೊಂಡರು. "ಹುಚ್ಚುಮುಂಡೇದು." ಆಮೇಲೆ ಫೋನ್ ಎತ್ತಿಕೊಂಡರು.

ಹೊಸ ಪಟ್ಟಿಯನ್ನು ಮೇಲಧಿಕಾರಿಗೆ ಕಳಿಸಿ, ರಿಜಿಸ್ಟರ್ ಎದೆಗವಚಿಕೊಂಡು ಒಂಬತ್ತಕ್ಕೆ ಹೋದೆ. ಆ ಬಾಗಿಲು ದಾಟಲು ಮೂರು ಸಲ ಹಿಂದೆ ಮುಂದೆ ನೋಡಿದೆ. ಸಿಸ್ಟರ್ ನನ್ನ ಗುರುತು ಹಿಡಿದರು. ಪುಸ್ತಕ ಕೊಟ್ಟು ತೆಗೆದುಕೊಳ್ಳುವುದನ್ನು ಬರೆಯುವ ನೋಟ್‌ಬುಕ್ ಮುಂದಿಟ್ಟರು.

ಅವನ ಸಹಿ ಇತ್ತು. ಕಾರಣದ ಕಾಲಮ್ಮಿನಲ್ಲಿ: 'ಹೆಂಡತಿಯನ್ನು ಸೋಲಿಸಲು.'

"ಕಾರಣ ಸರಿಯಾಗಿ ಬರಿಯೋ ಅಂತ ಬೈದೆ ಕಣಮ್ಮ," ಸಿಸ್ಟರ್ ಅಂದರು. "ಇದಕ್ಕಿಂತ ಸರಿಯಾದ್ದು ನನ್ನ ಹತ್ರ ಇಲ್ಲ ಅಂದ."

ಪಕ್ಕದ ಕಾಲಮ್ ಖಾಲಿ ಇತ್ತು. ಹಿಂತಿರುಗಿಸಿದ ದಿನಾಂಕ ಬರೆದೆ. ಅದರ ಕೆಳಗೆ, ಅಕ್ಷರ ಕೆಡದ ಹಾಗೆ, 'ಸೋತಿದ್ದೇನೆ' ಎಂದು ಬರೆದು ಸಹಿ ಹಾಕಿದೆ.