ಕುಗ್ಗಿದ ಕೋಟಿನ ಬ್ಯಾರನ್

ಮೆಷಿನ್ನಿನ ಬಾಗಿಲು ತೆರೆದಾಗ ವರ್ಷಾಳ ಕೈಗೆ ಬಂದದ್ದು ಅವಳ ಮನೆಯ ಪರದೆಗಳಲ್ಲ. ಕೆಂಪು ಕಾಲರಿನ, ಹಿತ್ತಾಳೆ ಗುಂಡಿಗಳ ಒಂದು ಕಡುನೀಲಿ ಉಣ್ಣೆಯ ಕೋಟು. ಬಿಸಿನೀರಿನಲ್ಲಿ ತಿರುಗಿ ತಿರುಗಿ, ಪಾಪ, ಗಿಡ್ಡವಾಗಿ ಮುದುರಿಕೊಂಡಿತ್ತು.

ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಯ್‌ನ ಆ ಅಪಾರ್ಟ್‌ಮೆಂಟಿಗೆಲ್ಲ ನೆಲಮಾಳಿಗೆಯಲ್ಲಿ ಒಂದೇ ಬಟ್ಟೆ ಒಗೆಯುವ ಕೋಣೆ. ಗೋಡೆಯ ಬೋರ್ಡಿನಲ್ಲಿ ತಮ್ಮ ಹೊತ್ತಿಗೆ ಪುಟ್ಟ ಬೀಗ ಸಿಕ್ಕಿಸಿ ಬುಕ್ ಮಾಡಬೇಕು. ಈ ಊರಿನಲ್ಲಿ ಎಲ್ಲರ ಮನೆಯಲ್ಲೂ ಇರುವ ದೊಡ್ಡ ನೀಲಿ ಚೀಲ ಅಲ್ಲಿ ಒಂದಲ್ಲ, ಎರಡಿದ್ದವು. ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಾ ವರ್ಷಾ ಬೇರೆಯವರ ಚೀಲವನ್ನು ಮೆಷಿನ್ನಿಗೆ ಸುರಿದಿದ್ದಳು.

"ಅಯ್ಯೋ, ನನ್ನ ಬ್ಯಾರನ್!"

ಬಾಗಿಲಲ್ಲಿ ಮೂರನೇ ಮಹಡಿಯ ಅಭಯ್ ನಿಂತಿದ್ದ. ಕೈಯಲ್ಲಿ ಎರಡು ಲೋಟ ಕಾಫಿ.

"ನಿಮ್ದಾ ಇದು?"

"ಇತಿಹಾಸ ಸಂಘದ್ದು. ಶನಿವಾರ ಬಂದರಿನ ಹತ್ರ ನಾಟಕದಲ್ಲಿ ನಾನು ಪ್ರಷ್ಯದ ಬ್ಯಾರನ್ ಆಗಬೇಕು. ಕೆಸರಾಗಿತ್ತು ಅಂತ ಒರೆಸಿ ಒಣಗಿಸೋಕೆ ತಂದಿದ್ದೆ." ಅವನು ಲೋಟಗಳನ್ನು ಮೆಷಿನ್ನಿನ ಮೇಲಿಟ್ಟು ಕೋಟಿನ ತೋಳಿನೊಳಗೆ ಕೈ ತೂರಿಸಿದ. ಅದು ಮೊಣಕೈ ಹತ್ತಿರವೇ ಸಿಕ್ಕಿಹಾಕಿಕೊಂಡಿತು.

ವರ್ಷಾಳ ಕಣ್ಣು ತುಂಬಿತು. ಅವನು ಬೈಯಲಿಲ್ಲ. ಕೋಟಿನ ಕೈ ನೇತಾಡಿಸಿಕೊಂಡೇ ಒಂದು ಲೋಟ ಅವಳಿಗೆ ಕೊಟ್ಟ. "ಮೊದ್ಲು ಕುಡೀರಿ. ಬ್ಯಾರನ್ ಯುದ್ಧದಲ್ಲಿ ಇದಕ್ಕಿಂತ ಜೋರಾಗಿ ಪೆಟ್ಟು ತಿಂದಿದ್ದಾನೆ."

ಬೈದಿದ್ದರೇ ಚೆನ್ನಾಗಿತ್ತು. ಹಿಮ ಬಿದ್ದ ಬೆಳಿಗ್ಗೆಗಳಲ್ಲಿ ಅವಳ ಸೈಕಲ್ಲಿನ ಸೀಟು ಮಾತ್ರ ಯಾರೋ ಒರೆಸಿಟ್ಟಂತೆ ಒಣಗಿರುತ್ತಿತ್ತು. ಆ ಯಾರೋ ಯಾರೆಂದು ಅವಳಿಗೆ ಗೊತ್ತಿತ್ತು. ಅವನ ಬಾಯಿಂದ ಮಾತ್ರ ಒಂದು ಮಾತೂ ಬಂದಿರಲಿಲ್ಲ. ಈಗ ಅವನು ಟ್ರೇನಿನಲ್ಲಿ ಎರಡು ತಾಸು ದೂರದ ಗೋಥೆನ್‌ಬರ್ಗಿನಲ್ಲಿ ಹೊಸ ಕೆಲಸ ಒಪ್ಪಿಕೊಂಡಿದ್ದ. ತಿಂಗಳ ಕೊನೆಗೆ ಮನೆ ಖಾಲಿ.

ಕೋಟು ಹೊಲಿದವರು ಸಂಘದ ಮಾರ್ಗರೆತಾ ಎಂಬ ಅಜ್ಜಿ. ಇಬ್ಬರೂ ತಪ್ಪಿತಸ್ಥರಂತೆ ಹೋಗಿ ನಿಂತಾಗ, ಅವರು ಕನ್ನಡಕ ಸರಿಮಾಡಿಕೊಂಡು ಕೋಟನ್ನು ನೋಡಿದರು, ಆಮೇಲೆ ವರ್ಷಾಳನ್ನು ನೋಡಿದರು. ಅದನ್ನು ಅವಳಿಗೇ ತೊಡಿಸಿ ಗುಂಡಿ ಹಾಕಿದರು. ಅಳತೆ ಕೊಟ್ಟು ಹೊಲಿಸಿದಂತಿತ್ತು.

"ಸರಿ," ಎಂದರು ಅಜ್ಜಿ ಸ್ವೀಡಿಷ್‌ನಲ್ಲಿ, "ಬ್ಯಾರನ್ ಸಿಕ್ಕಿದ. ಇನ್ನು ಫೀಕಾ ಮಾಡೋಣ." ಕಾಫಿ ಬಗ್ಗಿಸಿ, ದಾಲ್ಚಿನ್ನಿ ಬನ್ನಿನ ತಟ್ಟೆಯನ್ನು ಅವಳ ಕಡೆಗೇ ಸರಿಸಿದರು, ಹೆದರಿದವರಿಗೆ ಮೊದಲು ಸಿಹಿ ಎನ್ನುವಂತೆ.

ಅಂದಿನಿಂದ ಪ್ರತಿ ಸಂಜೆ ಅಭಯ್‌ನ ಅಡುಗೆಮನೆಯಲ್ಲಿ ತರಬೇತಿ.

"ಬೆನ್ನು ನೇರ. ಪ್ರಷ್ಯದ ಆಫೀಸರ್ ಹೀಗೆ ಗೂನಾಗಿ ನಿಲ್ಲಲ್ಲ."

"ಅವನು ಲ್ಯಾಪ್‌ಟಾಪ್ ಮುಂದೆ ಕೂತಿರಲಿಲ್ಲ. ಉಪ್ಪಿಟ್ಟು ಸೀದೋಗ್ತಿದೆ, ನೋಡಿ!"

ಬ್ಯಾರನ್ ಲೀಂಡೆನ್‌ವಾಲ್ಡ್‌ನ ಕಥೆ ಅವಳಿಗೆ ಬಾಯಿಪಾಠವಾಯಿತು. ಜರ್ಮನ್ ಮಾತಾಡುವ ಪ್ರಷ್ಯ ರಾಜ್ಯದ ದೊಡ್ಡ ಮನೆತನದ ಕಿರಿಯ ಮಗ. ಮೀಸೆ ಚಿಗುರುವ ಮೊದಲೇ ಸೈನ್ಯ ಸೇರಿದ. ಸ್ವೀಡನ್ ಜೊತೆಗಿನ ಯುದ್ಧದಲ್ಲಿ ಸೆರೆಸಿಕ್ಕಿ ಈ ಊರಿಗೆ ಬಂದ. ಓಡಿಹೋಗುವುದಿಲ್ಲ ಎಂದು ಮಾತು ಕೊಟ್ಟದ್ದರಿಂದ ಬೇಡಿಯಿಲ್ಲದೆ ಓಡಾಡಿಕೊಂಡಿದ್ದ. ಕೈಗವಸು ಹೊಲಿಯುವವರ ಮನೆಯಲ್ಲಿ ಬಿಡಾರ. ಆ ಮನೆಯ ಮಗಳು ಕ್ರಿಸ್ಟೀನಾ ಅವನಿಗೊಂದು ಜೊತೆ ಹೊಲಿದುಕೊಟ್ಟಳು. ಶಾಂತಿಯಾಯಿತು, ದೋಣಿ ಬಂತು, ಅವನು ಹೊರಟ. ಮುಂದೆ ಮೇಜರ್ ಆದ, ಕರ್ನಲ್ ಆದ, ಎದೆ ತುಂಬ ಪದಕ. ತಲೆ ನರೆತ ಮೇಲೆ ಹುದ್ದೆ ಬಿಟ್ಟು ಇಲ್ಲಿಗೆ ಮರಳಿದಾಗ ಕ್ರಿಸ್ಟೀನಾ ತೀರಿಕೊಂಡಿದ್ದಳು.

"ಹೊರಡೋವಾಗ ಯಾಕೆ ಒಂದು ಮಾತೂ ಹೇಳ್ಲಿಲ್ಲ ಇವನು?" ವರ್ಷಾ ಕೇಳಿದಳು.

ಅಭಯ್ ಬಾಣಲೆ ತಿಕ್ಕುತ್ತಿದ್ದ. "ಎಲ್ಲಿಗೆ ಕಳಿಸ್ತಾರೋ ಗೊತ್ತಿಲ್ಲದ ಕೆಲಸ. ನಂಗೋಸ್ಕರ ಕಾಯಿ ಅಂತ ಹೇಗೆ ಹೇಳ್ತಾನೆ?"

"ಕಾಯ್ತೀಯಾ ಅಂತ ಕೇಳಬಹುದಿತ್ತು."

ಅವನು ತಿಕ್ಕಿದ ಜಾಗವನ್ನೇ ಮತ್ತೆ ತಿಕ್ಕಿದ. ಕಿವಿ ಮಾತ್ರ ಕೋಟಿನ ಕಾಲರಿನಷ್ಟು ಕೆಂಪಾಗಿತ್ತು.

ಶನಿವಾರ ಬಿಸಿಲು ಬಂತು. ಬಂದರಿನ ಕಟ್ಟೆಯ ಮೇಲೆ ಬೆಂಚು ಹಾಕಿದ್ದರು. ಕ್ರಿಸ್ಟೀನಾಳ ಬದಲಿಗೆ ಖಾಲಿ ಕುರ್ಚಿ, ಅದರ ಮೇಲೆ ಒಂದು ಜೊತೆ ಕೈಗವಸು. ಮುಂದಿನ ಸಾಲಿನಲ್ಲಿ ಕನ್ನಡ ಬಳಗದ ಸುಲೋಚನಾ ಆಂಟಿ ಚಕ್ಕುಲಿ ಡಬ್ಬಿ ಹಿಡಿದು ಕೂತಿದ್ದರು. ಅಭಯ್ ಹಿಂದೆ, ಕಂಬಕ್ಕೆ ಒರಗಿ ನಿಂತಿದ್ದ.

ವರ್ಷಾ ತಾನು ಕಲಿತ ಸ್ವೀಡಿಷ್‌ನಲ್ಲಿ ಬ್ಯಾರನ್ನನ ಬದುಕನ್ನು ಹೇಳುತ್ತಾ ಹೋದಳು. ಎಲ್ಲೂ ತಡವರಿಸಲಿಲ್ಲ. ಕೊನೆಗೆ ಬ್ಯಾರನ್ ಕುರ್ಚಿಗೆ ತಲೆಬಾಗಿ, ಸುಮ್ಮನೆ ದೋಣಿಯ ಕಡೆ ನಡೆಯಬೇಕು. ಅಷ್ಟೇ ಉಳಿದಿತ್ತು.

ಅವಳು ತಲೆಬಾಗಿದಳು. ಕಾಲು ಮುಂದೆ ಹೋಗಲಿಲ್ಲ. ಒಂದು ಜನ್ಮದಷ್ಟು ತಡವಾಗಿ ಮರಳಿ ಬಂದವನ ಕೋಟು ಅವಳ ಮೈಮೇಲೆ ಬೆಚ್ಚಗಿತ್ತು. ಕೈಗವಸು ಎತ್ತಿಕೊಂಡು ಅವಳು ಕಂಬದ ಕಡೆ ತಿರುಗಿದಳು. ಬಾಯಿಂದ ಬಂದದ್ದು ಕನ್ನಡ.

"ಗೋಥೆನ್‌ಬರ್ಗಿಗೆ ಹೋಗಿ, ಅಭಯ್. ಬೇಡ ಅನ್ನಲ್ಲ. ಆದ್ರೆ ನನ್ನ ಕೇಳದೇ ಹೋಗಬೇಡಿ. ನಂಗೆ ನೀವಂದ್ರೆ ಇಷ್ಟ."

ಜನ ಎದ್ದು ಚಪ್ಪಾಳೆ ತಟ್ಟಿದರು. ಬ್ಯಾರನ್ ಕೊನೆಗೆ ತನ್ನ ಜರ್ಮನ್‌ನಲ್ಲೇ ಮನಸ್ಸು ಬಿಚ್ಚಿದ ಎಂದು ಮುದುಕರೊಬ್ಬರು ಕಣ್ಣೊರೆಸಿಕೊಂಡರು.

ಸುಲೋಚನಾ ಆಂಟಿಗೆ ಮಾತ್ರ ಎಲ್ಲ ಅರ್ಥವಾಗಿತ್ತು. "ಏನೋ ಅಭಯ್, ಕಂಬ ಹಿಡ್ಕೊಂಡೇ ಇರ್ತೀಯಾ? ಕೇಳೋ!"

ಅವನು ಬೆಂಚುಗಳ ನಡುವೆ ಎಡವುತ್ತಾ ಬಂದ. ಹತ್ತಿರ ಬಂದ ಮೇಲೆ ಅವಳ ಕಾಲರಿನ ಮಡಿಕೆಯನ್ನು ನಿಧಾನವಾಗಿ ಸರಿಮಾಡಿದ.

"ಆ ಚೀಲ ನಾನು ಮರೆತಿದ್ದಲ್ಲ," ಎಂದ. "ಬಿಟ್ಟುಬಂದಿದ್ದು. ನೀವು ಬಟ್ಟೆ ತೆಗೆಯೋ ಹೊತ್ತಿಗೆ ಮತ್ತೆ ಕೆಳಗೆ ಬರೋಕೆ ಒಂದು ನೆಪ ಬೇಕಿತ್ತು. ಬೋರ್ಡಲ್ಲಿ ಯಾವಾಗ್ಲೂ ನಿಮಗಿಂತ ಮುಂಚಿನ ಟೈಮೇ ಹಾಕ್ತಿದ್ದೆ."

ವರ್ಷಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಹಾಗಾದ್ರೆ ಕೋಟು ಹಾಳು ಮಾಡಿದ್ದು ನಾನಲ್ಲ, ನೀವು!"

"ಹೂಂ, ನಾನೇ. ಕಾಯ್ತೀರಾ?"

"ಎಷ್ಟು ದಿನ?"

"ಶುಕ್ರವಾರದವರೆಗೆ. ಪ್ರತಿ ಶುಕ್ರವಾರ. ಬ್ಯಾರನ್‌ಗೆ ಟ್ರೇನ್ ಇರಲಿಲ್ಲ, ನಂಗಿದೆ."

ಅವಳು ಒಂದು ಕೈಗವಸು ಅವನಿಗೆ ಕೊಟ್ಟು, ಇನ್ನೊಂದನ್ನು ತಾನು ಹಾಕಿಕೊಂಡಳು. ಬರಿಗೈಗೆ ಅವನ ಬರಿಗೈ ಸಿಕ್ಕಿತು.

"ಹಾಗಾದ್ರೆ ಶನಿವಾರಕ್ಕೆ ಬೋರ್ಡಲ್ಲಿ ಒಂದೇ ಬೀಗ ಸಾಕು," ಎಂದಳು ವರ್ಷಾ. "ಬಟ್ಟೆ ಒಟ್ಟಿಗೇ ಒಗೆಯೋಣ. ಉಣ್ಣೇದು ಮಾತ್ರ ನೀನು ನೋಡ್ಕೋ."